ಗೂಡೋ ಬೋನೋ?

ಬೆಳುಗುಪ್ಪ, ಕಲ್ಯಾಣದುರ್ಗದ ಸೀಮೆಯಲ್ಲಿ ಕ್ರೇಟು ಎಂದರೆ ಟೊಮೇಟೊ ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆ. ಅದೇ ಪದ ಈಗ ನಾಯಿಮರಿಯ ಜೊತೆಗೂಡಿ ನಗರಗಳಿಂದ ಬರುತ್ತಿದೆ. ತಂತಿಯ ಪೆಟ್ಟಿಗೆಯಲ್ಲಿ ಎಳೆಯ ಮರಿಯನ್ನು ಮಲಗಿಸಿ, ಮನೆಯೊಳಗೆ ಹೊಲಸು ಮಾಡದಂತೆ, ಒಂಟಿಯಾಗಿದ್ದರೂ ಅಂಜದಂತೆ ರೂಢಿಸುವ ಕ್ರಮವಿದು. ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಪಂಜರವೆಂದರೆ ಗಿಳಿ ನೆನಪಾಗುತ್ತದೆ. ಮರಾಠಿಯ ಪಿಂಜರಾ ಕೂಡ ಅದರ ಒಡಹುಟ್ಟು. ಬೋನು ಎಂದರೆ ಇಲಿ, ಚಿರತೆ. ತೆಲುಗಿನಲ್ಲಂತೂ ಆರೋಪಿ ನಿಲ್ಲುವ ಕಟಕಟೆಯೂ ಬೋನೇ. ಗೂಡು ಎಂಬುದೊಂದೇ ಕಿವಿಗೆ ಹಿತ.

ಆ ಹಿತಕ್ಕೆ ಮರುಳಾಗಬಾರದು. ಹಿಂದೂಪುರದ ಮಾರುಕಟ್ಟೆಗೆ ಬರುವ ರೇಷ್ಮೆಯದೂ ಗೂಡೇ. ಅದರೊಳಗಿನ ಜೀವ ನೂಲಿಗಾಗಿ ಬಿಸಿಯಲ್ಲಿ ಬೆಂದು ಸಾಯುತ್ತದೆ.

ಪೆಟ್ಟಿಗೆ ಗೂಡಾಗುವುದೂ ಬೋನಾಗುವುದೂ ಬಾಗಿಲಿನಿಂದ. ಮೊದಲ ಕೆಲವು ದಿನ ಅದನ್ನು ಮುಚ್ಚಲೇಕೂಡದು. ಒಳಗೆ ಹಳೆಯ ಬಟ್ಟೆ ಹಾಸಿ, ಅಲ್ಲಿಯೇ ಊಟವಿಟ್ಟರೆ ಮರಿ ತಾನಾಗಿ ಹೋಗಿಬರಲು ಕಲಿಯುತ್ತದೆ. ಅನಂತರ ಮನೆಯವರು ಪಕ್ಕದಲ್ಲಿ ಕುಳಿತು, ನಾಲ್ಕೈದು ನಿಮಿಷ ಮುಚ್ಚಿ ತೆರೆಯಬೇಕು. ಮಲಗುವ ಜಾಗವನ್ನು ನಾಯಿ ಹೊಲಸು ಮಾಡಲೊಲ್ಲದು. ಈ ಪದ್ಧತಿಯ ಬಲವೆಲ್ಲ ಆ ಸ್ವಭಾವದಲ್ಲಿದೆ. ಆದ್ದರಿಂದ ಪೆಟ್ಟಿಗೆ ಮರಿಗೆ ಎದ್ದು ನಿಂತು, ಸುತ್ತು ತಿರುಗಿ, ಕಾಲು ಚಾಚುವಷ್ಟಿರಬೇಕು. ತೀರ ದೊಡ್ಡದಾದರೆ ಮರಿ ಒಂದು ಮೂಲೆಯನ್ನು ಕೊಳಕಿಗೆಂದೇ ಬಿಡುತ್ತದೆ. ಎರಡು ತಿಂಗಳ ಮರಿ ಮೂತ್ರ ತಡೆಯಬಲ್ಲದ್ದು ಎರಡು ಮೂರು ಗಂಟೆ ಮಾತ್ರ. ರಾತ್ರಿ ಎದ್ದು ಅದನ್ನು ಹೊರಗೆ ಕರೆದೊಯ್ಯುವ ಮನಸ್ಸಿಲ್ಲದವರು ಪೆಟ್ಟಿಗೆ ಕೊಳ್ಳದಿರುವುದೇ ಲೇಸು. ಈ ಬಯಲುಸೀಮೆಯ ಬೇಸಿಗೆಯಲ್ಲಿ ನೆರಳು, ಗಾಳಿ, ನೀರು ಕಾಣದ ಪೆಟ್ಟಿಗೆ ಒಲೆಗೆ ಸಮ. ಗದರಿಸಿ ಒಳಗೆ ದೂಡಿದ ದಿನ ಅದು ಬೋನಾಯಿತು.

ನಾಯಿಗೆ ಮನೆಯೊಳಗೇನು ಕೆಲಸ ಎಂಬ ಆಕ್ಷೇಪವೂ ಉಂಟು. ಕ್ರಿ.ಶ. 949-50ರ ಆತಕೂರು ಶಾಸನದ ಕಾಳಿ ಇಲ್ಲಿ ನೆನಪಾಗಬೇಕು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಬೇಡಿ ಪಡೆದದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ ಮಡಿಯಿತು. ಕಾಳಿಗೆ ಓಡಲು ಗುಡ್ಡವಿತ್ತು. ಎರಡು ಕೋಣೆಯ ಮನೆಯ ಮರಿಗೆ ಅದಿಲ್ಲ. ಹಗಲೆಲ್ಲ ಕುಣಿದಾಡಿ ದಣಿಯುವ ಅವಕಾಶವಿದ್ದರಷ್ಟೇ ಗೂಡಿನ ನಿದ್ದೆಗೆ ಅರ್ಥ.

ಪೆಟ್ಟಿಗೆಯನ್ನು ಕಂಡು ಮರುಗುವವರು ಗಿಡ್ಡ ಸರಪಳಿಯನ್ನು ಕಂಡು ಸುಮ್ಮನಿರುವುದು ವಿಚಿತ್ರ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಮೈ ಆಡಿಸಲಾಗದ ಪಂಜರವನ್ನೂ ಅತಿ ಹೊತ್ತು ಕಟ್ಟಿಹಾಕುವ ಗಿಡ್ಡ ಸರಪಳಿಯನ್ನೂ ಒಂದೇ ಸಾಲಿನ ಅಪರಾಧಗಳಾಗಿ ಎಣಿಸಿದೆ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮನೆಯೊಳಗೆ ನಾಯಿಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವುದಕ್ಕೂ ಕಾನೂನಿನ ನಿರ್ಬಂಧವಿದೆ.

ಇಂತಹ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸ ನಾಳೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಪಾಲಿಗೂ ಬರಬಹುದು. ಬಾಗಿಲು ತೆರೆದಿಟ್ಟು ಕಾಯುವ ಕ್ರಮವನ್ನು ವಿವರಿಸುವಲ್ಲಿ ಗೂಡು ಎಂದು ಧಾರಾಳವಾಗಿ ಬರೆಯಲಿ. ಎಂಟು ಗಂಟೆ ಬೀಗ ಹಾಕಿ ಕೆಲಸಕ್ಕೆ ಹೋಗಿರೆಂದು ಬೋಧಿಸುವ ಪುಟ ಎದುರಾದರೆ, ಮೂಲದಲ್ಲಿ ಯಾವ ಪದವೇ ಇರಲಿ, ಬೋನು ಎಂದೇ ಬರೆಯಲಿ.