ಸುಲಿಯೋಕೆ ಬರುತ್ತೆ ಅಂದೋರೇ ಬಂದು ಸುಲಿದು ಕೊಡ್ರಪ್ಪಾ

ಭಾಗ 1

ಮೊದಲನೇ ಫೋಟೋ ಝೂಮ್ ಮಾಡಿ. ನಮ್ಮಪ್ಪನ ಪಿಕಪ್ಪಿನ ಗ್ರಿಲ್ ಅದು. ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಕ್ರೋಮ್, ಮಧ್ಯೆ ನನ್ನ ಉಗುರಿನ ಗೆರೆ. ಒಂದು ಕ್ಯಾನ್ ರಬ್ಬರ್ ಸ್ಪ್ರೇ, ಎರಡು ಕೋಟು. ಗುರು ಯಾರು? ಹದಿನೈದು ಸೆಕೆಂಡಿನ ಒಂದು ರೀಲು. "ಬೇಡ ಅಂದ್ರೆ ಕಿತ್ತು ಬಿಸಾಕಿ" ಅಂತ ಹೇಳಿ ಹಾಳೆ ಥರ ಸರ್ರಂತ ಎಳೆದು ತೋರಿಸಿದ್ದ. ನನ್ನ ಕೈಗೆ ಬಂದಿದ್ದು ಬರೀ ಚೂರು.

ಗಾಡಿ ಮಾರಾಟಕ್ಕಿತ್ತು. ನೋಡೋಕೆ ಬಂದ ಬ್ರೋಕರ್ ಮೊದಲು ಕೇಳಿದ್ದೇ "ಮುಂದೆ ಏನಾದ್ರೂ ಆಕ್ಸಿಡೆಂಟ್ ಆಗಿತ್ತಾ ಅಣ್ಣಾ?" ಅಪ್ಪ ಇಲ್ಲ ಅಂದ್ರೂ ಹನ್ನೆರಡು ಸಾವಿರ ಕಡಿಮೆ ಹೇಳಿ ಹೋದ. ಡಿಪ್ರಿಸಿಯೇಶನ್ ಲೆಕ್ಕ ಕ್ಲಾಸಲ್ಲಿ ಕಲಿತಿದ್ದೆ, ಒಂದೇ ಮಧ್ಯಾಹ್ನದಲ್ಲಿ ಪ್ರಾಕ್ಟಿಕಲ್ ಮಾಡಿ ತೋರಿಸಿದೆ.

ಭಾಗ 2

ಈಗ ನನ್ನ ಜಗಳ. ತಪ್ಪು ಕ್ಯಾನಿನದ್ದಲ್ಲ. "ತೆಗೆಯಬಹುದು" ಅಂತ ಅರ್ಧ ಮಾತು ಹೇಳಿ ಲೈಕ್ ಎಣಿಸ್ಕೊಂಡು ಕೂತೋರದ್ದು.

ಸ್ಕೂಲಲ್ಲಿ ಅಂಗೈಗೆ ಫೆವಿಕಾಲ್ ಸವರಿ ಒಣಗಿಸಿ ಸುಲಿದಿದ್ದು ನೆನಪಿದೆಯಾ? ದಪ್ಪ ಹಚ್ಚಿದೋನಿಗೆ ಇಡೀ ಕೈಯ ಗೆರೆ ಸಮೇತ ಒಂದೇ ಪದರ ಬರ್ತಿತ್ತು, ಜಿಪುಣನಿಗೆ ಬರೀ ಪುಡಿ. ಇದೂ ಅಷ್ಟೇ. ಇದು ಮಾಮೂಲಿ ಪೇಂಟ್ ಅಲ್ಲ. ದ್ರಾವಕ ಆರಿಹೋಗಿ ಮೇಲೆ ರಬ್ಬರಿನ ಪೊರೆ ಉಳಿಯುತ್ತೆ. 1972ರಲ್ಲಿ ಶುರುವಾದ ಅಮೆರಿಕದ ಪ್ಲಾಸ್ಟಿ ಡಿಪ್‌ನ ಮೂಲ ಕೆಲಸ ಸ್ಪ್ಯಾನರ್, ಕಟಿಂಗ್ ಪ್ಲೇಯರ್ ಹಿಡಿಗಳನ್ನ ಅದ್ದಿ ತೆಗೆಯೋದು. ಅದ್ದಿದ್ರೆ ದಪ್ಪ ತಾನಾಗೇ ಬರುತ್ತೆ. ಸ್ಪ್ರೇಯಲ್ಲಿ ಆ ದಪ್ಪವನ್ನ ನೀವೇ ಕಟ್ಟಬೇಕು. ಎಳೆದಾಗ ಹರಿಯದೇ ಇರೋ ಶಕ್ತಿ ಆ ದಪ್ಪದಲ್ಲೇ ಇರೋದು.

ಅಂದ್ರೆ ಕಡಿಮೆ ಅಂದ್ರೂ ನಾಲ್ಕೈದು ಕೋಟು. ಮೊದಲು ಶಾಂಪೂ ಹಾಕಿ ತೊಳೆದು, ಪಾಲಿಶ್ ಜಿಡ್ಡೆಲ್ಲ ತೆಗೆದು, ಪೂರ್ತಿ ಒಣಗಿಸಿ. ಮೊದಲ ಕೋಟಲ್ಲಿ ಕ್ರೋಮ್ ಕಾಣ್ತಾನೇ ಇರ್ಲಿ, ಮುಚ್ಚೋ ಆತುರ ಬೇಡ. ಆಮೇಲಿನವು ಒದ್ದೆಯಾಗಿ, ಆದ್ರೆ ಸೋರದ ಹಾಗೆ, ಒಂದು ಆರಿದ ಮೇಲೆ ಇನ್ನೊಂದು. ಮಾಸ್ಕಿಂಗ್ ಟೇಪನ್ನ ಕೊನೇ ಕೋಟು ಹಸಿ ಇರುವಾಗಲೇ ಕೀಳಿ, ಒಣಗಿದ ಮೇಲೆ ಎಳೆದ್ರೆ ಅಂಚಿನ ಪದರವೂ ಜೊತೇಲಿ ಬರುತ್ತೆ. ಉರಿಬಿಸಿಲಲ್ಲಿ ಬೇಡ. ಮುಚ್ಚಿದ ಶೆಡ್ಡಲ್ಲಂತೂ ಬೇಡವೇ ಬೇಡ, ಆ ವಾಸನೆ ತಲೆಗೆ ಹತ್ತುತ್ತೆ, ಬೆಂಕಿನೂ ಹಿಡಿಯುತ್ತೆ. (ಬೀಡಿ ಸೇದ್ತಾ ಸಲಹೆ ಕೊಡೋಕೆ ಬರೋ ಮಾಮಂದಿರನ್ನ ದೂರ ಕೂರಿಸಿ.)

ಇದೆಲ್ಲಾ ಹದಿನೈದು ಸೆಕೆಂಡಲ್ಲಿ ಹಿಡಿಯಲ್ಲ. ಅದಕ್ಕೇ ಕಟ್ ಮಾಡಿರ್ತಾರೆ. ಆ ಕತ್ತರಿಯ ಬಿಲ್ ಕಟ್ಟಿದ್ದು ನಮ್ಮಪ್ಪ.

ಭಾಗ 3

"ದುಡಿಯೋ ಗಾಡಿಗೆ ಯಾಕೋ ಶೋಕಿ?" ಅಂತ ಕೇಳೋರಿಗೂ ಒಂದು ಮಾತು. ಕಾರ್ ಇಟ್ಟೋರು ಮಾಡಿದ್ರೆ ಮಾಡಿಫಿಕೇಶನ್, ಟೊಮ್ಯಾಟೊ ಹೊರೋ ಗಾಡಿಗೆ ಮಾಡಿದ್ರೆ ಶೋಕಿನಾ? ದಿನಕ್ಕೆ ಹತ್ತು ಗಂಟೆ ಅದರಲ್ಲೇ ಕೂರೋನಿಗೆ ಅದು ಚೆನ್ನಾಗಿ ಕಾಣ್ಬೇಕು ಅನ್ಸಲ್ವಾ? ಮಾಡಿ. ಗ್ರಿಲ್, ಲೋಗೋ, ಮಿರರ್ ಕವರ್, ಇಷ್ಟಕ್ಕೆ ನಿಲ್ಲಿಸಿ. ಲೈಟು, ರಿಫ್ಲೆಕ್ಟರು, ನಂಬರ್ ಪ್ಲೇಟು ಮುಟ್ಟಬೇಡಿ. ಇಡೀ ಬಾಡಿ ಬಣ್ಣ ಬದಲಾಯಿಸಿದ್ರೆ ಆರ್‌ಸಿಯಲ್ಲಿರೋ ಬಣ್ಣಕ್ಕೆ ತಾಳೆ ಆಗಲ್ಲ, ಆಗ ಆರ್‌ಟಿಓ ಮೆಟ್ಟಿಲು. ಪೆಟ್ರೋಲ್ ಬಿದ್ರೆ ಈ ರಬ್ಬರ್ ಕರಗುತ್ತೆ, ಟ್ಯಾಂಕ್ ಮುಚ್ಚಳದ ಸುತ್ತ ಹೊಡೆಯೋರು ಅದನ್ನೂ ಯೋಚಿಸಿ.

ನನ್ನ ಹಾಗೆ ಈಗಾಗಲೇ ಕೆಡಿಸ್ಕೊಂಡಿದ್ರೆ ಉಗುರು, ಬ್ಲೇಡ್ ಹಾಕ್ಬೇಡಿ. ಹಳೇ ತೆಳು ಪದರದ ಮೇಲೇ ಮತ್ತೆ ದಪ್ಪಗೆ ಹೊಡೀರಿ. ನಾನು ಇನ್ನೂ ನಾಲ್ಕು ಕೋಟು ಹೊಡೆದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೂಲೆಯಿಂದ ನಿಧಾನಕ್ಕೆ ಎಳೆದೆ. ಕೊನೇ ಫೋಟೋ ಅದೇ. ಸಂದುಗಳಲ್ಲಿ ಇನ್ನೂ ಸ್ವಲ್ಪ ಕೂತಿದೆ, ಹಳೇ ಟೂತ್ ಬ್ರಶ್ ಹಿಡ್ಕೊಂಡು ಉಜ್ತಾ ಇದೀನಿ.

ಬ್ರೋಕರ್‌ಗೂ ಇದೇ ಫೋಟೋ ಕಳಿಸಿದೆ. ಬ್ಲೂ ಟಿಕ್ ಬಿದ್ದು ಎರಡು ದಿನ ಆಯ್ತು.