ಅವರ ಪರವಾಗಿ ನೀವು ಒತ್ತಿದ ಒಪ್ಪಿಗೆ

ಹಬ್ಬಕ್ಕೆ ಊರಿಗೆ ಹೋದಾಗ ಆ ಸ್ಮಾರ್ಟ್ ಟಿವಿಯನ್ನು ಪ್ರೀತಿಯಿಂದಲೇ ಕೊಂಡೊಯ್ದಿರಿ. ಹಜಾರದ ಗೋಡೆಗೆ ಹಾಕಿಸಿ, ವೈಫೈ ಜೋಡಿಸಿ, ಪರದೆಯ ಮೇಲೆ ಒಂದರ ಹಿಂದೊಂದು ಬಂದ ಷರತ್ತುಗಳಿಗೆಲ್ಲ ಓದದೆಯೇ ಒಪ್ಪಿಗೆ ಒತ್ತಿ, ರಾತ್ರಿ ಬಸ್ಸು ಹಿಡಿದಿರಿ. ಅಮ್ಮನಿಗೆ ಬೇಕಿದ್ದದ್ದು ಚಂದನ ಮತ್ತು ಸಂಜೆಯ ಧಾರಾವಾಹಿ, ಅಪ್ಪನಿಗೆ ವಾರ್ತೆ ಮತ್ತು ಕ್ರಿಕೆಟ್, ಅಷ್ಟೇ. ಅದು ನಿಮಗೆ ಗೊತ್ತಿತ್ತು.

ಈಗ ಟಿವಿ ಹಾಕಿದರೆ ಚಾನೆಲ್ ಬರುವುದಿಲ್ಲ. ಅವರೆಂದೂ ನೋಡದ ವೆಬ್ ಸರಣಿಗಳ ಪೋಸ್ಟರ್ ಬರುತ್ತದೆ, ಜಾಹೀರಾತು ಬರುತ್ತದೆ, ಅಪ್‌ಡೇಟ್ ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಕೈಯಲ್ಲಿ ಎರಡು ರಿಮೋಟ್. ಟಿವಿಯ ರಿಮೋಟಿನಲ್ಲಿ ಅಂಕಿಗಳೇ ಇಲ್ಲ, ಇರುವುದು ಚಂದಾ ಕಟ್ಟಿಸಿಕೊಳ್ಳುವ ಕಂಪನಿಗಳ ಗುಂಡಿಗಳು. ಬೆರಳು ತಪ್ಪಿ ಅದರಲ್ಲೊಂದನ್ನು ಮುಟ್ಟಿದರೆ ಸೆಟ್‌ಟಾಪ್ ಬಾಕ್ಸಿಗೆ ವಾಪಸು ಬರುವ ದಾರಿ ತಿಳಿಯದೆ, ನಿಮಗೆ ಫೋನ್ ಮಾಡಿದರೆ ನೀವು ಮೀಟಿಂಗಿನಲ್ಲಿದ್ದು, ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರುವ ತನಕ ಇಬ್ಬರೂ ಸುಮ್ಮನೆ ಕಾಯುತ್ತಾರೆ. ಕಂಪನಿಯನ್ನು ಬೈಯುವುದಿಲ್ಲ, ನಿಮ್ಮನ್ನಂತೂ ಇಲ್ಲವೇ ಇಲ್ಲ. "ನಂಗೇ ಬರಲ್ಲ ಬಿಡಪ್ಪ" ಅನ್ನುತ್ತಾರೆ. ಒಂದು ಸಂಸಾರವನ್ನೇ ತೂಗಿಸಿದವರು ತಮ್ಮದೇ ಹಜಾರದಲ್ಲಿ ಕೂತು ತಾವು ದಡ್ಡರೆಂದು ನಂಬತೊಡಗಿದ್ದಾರಲ್ಲ, ನನಗೆ ಸಹಿಸಲಾಗದ್ದು ಇದು. ಅವರು ದಡ್ಡರಲ್ಲವೆಂದು ನಿಮಗೆ ಗೊತ್ತು.

(ಯೂಟ್ಯೂಬಿನಲ್ಲಿ ಭಜನೆ ಹಾಕಿಕೊಂಡು ಹಿಗ್ಗುವ ಅಜ್ಜಿಯರೂ ಇದ್ದಾರೆ. ಅವರ ಸುಖದ ಮೇಲೆ ನನಗೇನೂ ಸಿಟ್ಟಿಲ್ಲ.)

ಇನ್ನು, ಅವರು ಟಿವಿ ನೋಡುವಾಗ ಟಿವಿಯೂ ಅವರನ್ನು ಗಮನಿಸುತ್ತಿರಬಹುದು. ಪರದೆಯ ಮೇಲಿನ ಚಿತ್ರದ ಚೂರುಗಳನ್ನು ಆಗಾಗ ಹೆಕ್ಕಿ ಕಳಿಸಿ, ಮನೆಯವರು ಏನು ನೋಡುತ್ತಿದ್ದಾರೆಂದು ಗುರುತಿಸುವ ಎಸಿಆರ್ ಎಂಬ ತಂತ್ರ ಅನೇಕ ಟಿವಿಗಳಲ್ಲಿದೆ. ಸೆಟ್‌ಟಾಪ್ ಬಾಕ್ಸಿನಿಂದ ಬಂದದ್ದನ್ನೂ ಅದು ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಕೇಳದೆಯೇ ಮಾಹಿತಿ ಎತ್ತಿತು, ಮೊದಲೇ ಮಾರಿದ್ದ ಟಿವಿಗಳಿಗೂ ದೂರದಿಂದಲೇ ಆ ತಂತ್ರಾಂಶ ತುಂಬಿತು ಎಂಬ ದೂರು ಎದ್ದು, 2017ರಲ್ಲಿ ಕಂಪನಿ 22 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಅಲ್ಲಿ ದೂರುವುದಕ್ಕೆ ಒಂದು ಸರ್ಕಾರಿ ಆಯೋಗವಾದರೂ ಇತ್ತು. ನಿಮ್ಮ ಅಮ್ಮನ ಪರವಾಗಿ ಯಾರಿದ್ದಾರೆ? ಅವರ ಹೆಸರಿನಲ್ಲಿ ಒಪ್ಪಿಗೆ ಕೊಟ್ಟವರು ನೀವು, ಅದನ್ನು ಹಿಂತೆಗೆಯುವ ಮೆನು ಎಲ್ಲಿದೆಯೆಂದು ಹುಡುಕಬಲ್ಲವರೂ ನೀವೇ.

ಮುಂದಿನ ಸಲ ಹೋದಾಗ ಒಂದರ್ಧ ಗಂಟೆ ಅವರ ಪಕ್ಕ ಕೂತುಕೊಳ್ಳಿ. ಸೆಟ್ಟಿಂಗ್ಸಿನೊಳಗೆ ಹೊಕ್ಕು ನೋಡಿದ್ದರ ಮಾಹಿತಿ ಕಳಿಸುವುದನ್ನು ನಿಲ್ಲಿಸಿ. ಟಿವಿ ಹಾಕಿದೊಡನೆ ಸೆಟ್‌ಟಾಪ್ ಬಾಕ್ಸೇ ತೆರೆಯುವ ಆಯ್ಕೆ ಇದ್ದರೆ ಅದನ್ನಿಡಿ. ಇಂಟರ್ನೆಟ್ ಬೇಡವೆಂದರೆ ವೈಫೈ ಕಿತ್ತುಬಿಡಿ. ಆಮೇಲೆ ರಿಮೋಟನ್ನು ಅಮ್ಮನ ಕೈಗೇ ಕೊಟ್ಟು, ಅವರೇ ಹಾಕಿ, ಅವರೇ ಆರಿಸುವ ತನಕ ಏಳಬೇಡಿ. ಹೊಸದು ಕೊಳ್ಳುವುದಿದ್ದರೆ ಪರದೆ ಎಷ್ಟು ಇಂಚು ಎಂದು ಕೇಳುವ ಮೊದಲು, ಅಂಗಡಿಯವನಿಂದ ನೆಟ್ ತೆಗೆಸಿ, ಟಿವಿ ಆರಿಸಿ, ಮತ್ತೆ ಹಾಕಿಸಿ, ಮೊದಲು ಏನು ಬರುತ್ತದೆಂದು ನಿಂತು ನೋಡಿ.