ಕೂರಿಸುವವರುಂಟು, ನೋಡುವವರಿಲ್ಲ

ನಮ್ಮಲ್ಲಿ ಹೊಸ ಯಂತ್ರ ಬರುವುದೆಂದರೆ ಒಂದು ಮದುವೆಯೇ ಸರಿ. ಪೂಜೆ, ತೆಂಗಿನಕಾಯಿ, ಹಾರ, ಫೋಟೋ, ಉಪ್ಪಿಟ್ಟು, ಕೇಸರಿಬಾತು ಎಲ್ಲವೂ ಇರುತ್ತದೆ. ಮರುದಿನದಿಂದ ಸಂಸಾರ ನೋಡಿಕೊಳ್ಳುವವರು ಯಾರು ಎಂದು ಕೇಳಿ, ಎಲ್ಲರೂ ಮಾಯ. ಈ ಮಾತನ್ನು ನಾನು ದೊಡ್ಡ ಕಾರ್ಖಾನೆಗಳ ಬಗ್ಗೆ ಹೇಳುತ್ತಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸ್ನಾನದ ನೀರು ಕಾಯಿಸುವ ಒಂದು ಹೀಟ್ ಪಂಪಿನ ಬಗ್ಗೆ ಹೇಳುತ್ತಿದ್ದೇನೆ.

ಹೆಸರು ಕೇಳಿ ಹೆದರಬೇಕಾಗಿಲ್ಲ. ನಿಮ್ಮ ಮನೆಯ ಫ್ರಿಜ್ಜಿನ ಹಿಂದೆಯೋ ಪಕ್ಕದಲ್ಲೋ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ಹಾಲು, ತರಕಾರಿಯ ಶಾಖವನ್ನು ಹೊತ್ತು ತಂದು ಅದು ಹೊರಗೆ ಚೆಲ್ಲುತ್ತಿರುತ್ತದೆ. ನೀರಿನಿಂದ ಶಾಖ ಪಡೆಯುವ ಹೀಟ್ ಪಂಪ್ ಮಾಡುವುದೂ ಇದನ್ನೇ. ಕೊಳವೆ ಬಾವಿಯ ನೀರಿನಿಂದ ಒಂದಿಷ್ಟು ಶಾಖ ತೆಗೆದುಕೊಂಡು, ಕಂಪ್ರೆಸರಿನ ಬಲದಿಂದ ಅದನ್ನು ಮೇಲೇರಿಸಿ, ಸ್ನಾನದ ನೀರಿಗೆ ಕೊಡುತ್ತದೆ. ಶಾಖ ಕೊಟ್ಟು ತಣ್ಣಗಾದ ಬಾವಿ ನೀರು ಸಂಪಿಗೆ ಹೋಗುತ್ತದೆ, ಒಂದು ಹನಿಯೂ ದಂಡವಿಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಗೀಸರಿಗೆ ಸುಮಾರು ಮೂರೂವರೆ ಯೂನಿಟ್ ಕರೆಂಟು ಬೇಕು. ಸರಿಯಾಗಿ ಕೂರಿಸಿದ ಹೀಟ್ ಪಂಪಿಗೆ ಒಂದು, ಹೆಚ್ಚೆಂದರೆ ಒಂದೂಕಾಲು ಯೂನಿಟ್ ಸಾಕು. ‘ಸರಿಯಾಗಿ ಕೂರಿಸಿದ’ ಎಂಬ ಮಾತಿನ ಕೆಳಗೆ ದಯವಿಟ್ಟು ಒಂದು ಗೆರೆ ಎಳೆದುಕೊಳ್ಳಿ.

ಇದು ನಿನ್ನೆ ಮೊನ್ನೆಯ ಆಟಿಕೆಯೂ ಅಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನವನ್ನು ಬೆಚ್ಚಗಿಡಲು 1938ರಲ್ಲೇ ಹೀಟ್ ಪಂಪ್ ಕೂರಿಸಿದರು. ಪಕ್ಕದಲ್ಲಿ ಹರಿಯುವ ಲಿಮ್ಮಾತ್ ನದಿಯ ತಣ್ಣನೆಯ ನೀರಿನಿಂದಲೇ ಅದು ಶಾಖ ತೆಗೆಯುತ್ತಿತ್ತು. ಆ ಯಂತ್ರವನ್ನು ಬದಲಾಯಿಸಿದ್ದು 2001ರಲ್ಲಿ, ಅಂದರೆ 63 ವರ್ಷಗಳ ಮೇಲೆ. ನೋಡಿಕೊಳ್ಳುವ ಕೈಗಳಿಲ್ಲದೆ ಯಾವ ಯಂತ್ರ ತಾನೇ ಅಷ್ಟು ಕಾಲ ಓಡೀತು?

ನಮ್ಮ ಹಾಸ್ಟೆಲಿನದು ಓಡಿದ್ದು ಜೂನ್‌ನಿಂದ ನವೆಂಬರ್‌ವರೆಗೆ. ಡಿಸೆಂಬರಿನ ಚಳಿ ಹಿಡಿಯುವ ಹೊತ್ತಿಗೆ ನಲ್ಲಿಯಲ್ಲಿ ಬರುತ್ತಿದ್ದುದು ಉಗುರು ಬೆಚ್ಚಗಿನ ನೀರು, ಆಮೇಲೆ ಅದೂ ಇಲ್ಲ. ಪಾಠದ ಜೊತೆಗೆ ವಾರ್ಡನ್ ಕೆಲಸವೂ ನನ್ನ ತಲೆಯ ಮೇಲಿರುವುದರಿಂದ ದೂರು ಬರುವುದು ನನಗೇ. ಒಂದು ಸಂಜೆ ಕೋಣೆಗಳನ್ನು ನೋಡುತ್ತ ಹೋದರೆ, ಮಂಚದ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಕಾಯಿಲ್‌ಗಳು! ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಕರೆಂಟಿನ ಕಾಯಿಲ್. ಒದ್ದೆ ನೆಲ, ಬರಿಗಾಲು, ಸಡಿಲವಾದ ಪ್ಲಗ್ಗು. ನಿದ್ದೆಗಣ್ಣಿನಲ್ಲಿ ಒಬ್ಬ ಹುಡುಗಿ ಸ್ವಿಚ್ ಆರಿಸದೆ ನೀರಿಗೆ ಕೈಯಿಟ್ಟರೆ ಏನಾಗುತ್ತದೆಂದು ತಾಯಂದಿರಾದ ನಿಮಗೆ ಬಿಡಿಸಿ ಹೇಳಬೇಕೆ?

ಹೇಳಿ ಹೇಳಿ ಸಾಕಾದ ಮೇಲೆ ಬೇರೊಬ್ಬ ಮೆಕ್ಯಾನಿಕ್ ಬಂದು ಯಂತ್ರ ಬಿಚ್ಚಿದ. ಬಿಚ್ಚುವುದಕ್ಕೂ ಅರ್ಧ ದಿನ ಹಿಡಿಯಿತು. ತೆಗೆಯಬೇಕಾದ ಬಾಗಿಲನ್ನೇ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ನೀರು ಒಳಗೆ ಹೋಗುವಲ್ಲಿ ಕಸ ತಡೆಯಲು ಒಂದು ಜಾಲರಿ ಇರುತ್ತದೆ, ಅದರ ತುಂಬ ಬೋರಿನ ಮರಳು. ಪೈಪು ಜೋಡಿಸುವ ಮೊದಲು ನೀರು ಬಿಟ್ಟು ತೊಳೆದೇ ಇರಲಿಲ್ಲ. ಒಳಗಡೆ ಗಡಸು ನೀರಿನ ಬಿಳಿ ಪೊರೆ, ನಮ್ಮ ಮನೆಯ ಬಿಸಿನೀರಿನ ಹಂಡೆಯ ಒಳಮೈಯಲ್ಲಿ ಕಟ್ಟಿಕೊಳ್ಳುತ್ತದಲ್ಲ, ಅಂಥದೇ. ಒಳಗೆ ಹೋಗುವ ನೀರು ಎಷ್ಟು ಡಿಗ್ರಿ, ಹೊರಗೆ ಬರುವುದು ಎಷ್ಟು ಎಂದು ತಿಳಿಯಲು ಒಂದು ಥರ್ಮಾಮೀಟರೂ ಇರಲಿಲ್ಲ.

ಹಾಗಾದರೆ ತಪಾಸಣೆ ಆಗಿರಲಿಲ್ಲವೇ? ಆಗಿತ್ತು! ಫೈಲಿನಲ್ಲಿ ವರದಿ ಭದ್ರವಾಗಿತ್ತು. ಮೇಲಿಂದ ಕೆಳಗಿನ ತನಕ ಒಂದೇ ಪೆನ್ನಿನಲ್ಲಿ ಹಾಕಿದ ಸರಿ ಗುರುತುಗಳು, ಹುಡುಕಿದರೂ ಒಂದು ಅಂಕಿಯಿಲ್ಲ. ಕೆಳಗೆ ಹಾಕಿದ್ದ ತಾರೀಖು ಬೋರಿನ ಪೈಪು ಜೋಡಿಸಿದ ದಿನಕ್ಕಿಂತ ಹಿಂದಿನದು. ನೀರೇ ಬಾರದ ಯಂತ್ರ ನೀರಿನ ಪರೀಕ್ಷೆಯಲ್ಲಿ ಪಾಸಾಗಿತ್ತು! ಲೆಕ್ಕದ ಪರೀಕ್ಷೆಯಲ್ಲಿ ದಾರಿ ತೋರಿಸದೆ ಬರಿಯ ಉತ್ತರ ಬರೆದ ಹುಡುಗಿಗೆ ನಾನು ಅಂಕ ಕೊಡುವುದಿಲ್ಲ. ಇಲ್ಲಿ ಉತ್ತರವೂ ಇಲ್ಲದ ಕಾಗದಕ್ಕೆ ಪೂರ್ತಿ ಹಣ ಕೊಟ್ಟಿದ್ದರು.

ಇದನ್ನು ಆಡಳಿತ ಮಂಡಳಿಯ ಮುಂದೆ ಎತ್ತಿದಾಗ ಬಂದ ಉತ್ತರ ನಿಮಗೂ ಪರಿಚಿತವೇ. “ಮೇಡಂ, ನಿಮಗ್ಯಾಕೆ ಅದೆಲ್ಲ? ಎಂಜಿನಿಯರು ನೋಡ್ಕೋತಾರೆ.” ನೋಡಿಕೊಂಡಿದ್ದರೆ ನಾನೇಕೆ ಕೇಳುತ್ತಿದ್ದೆ? ನೀರು ಬಿಸಿಯಾಗದಿದ್ದರೆ ಬೈಸಿಕೊಳ್ಳುವವಳು ಹೆಂಗಸು, ಒಲೆಯ ಮೇಲೆ ಪಾತ್ರೆ ಇಟ್ಟು ಕಾಯಿಸುವವಳೂ ಹೆಂಗಸು. ಯಂತ್ರದ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದರೆ ಮಾತ್ರ ಅದು ಹೆಂಗಸರ ವಿಷಯವಲ್ಲ! ಕುಕ್ಕರಿನ ಸೀಟಿ ಹೆಚ್ಚು ಕಡಿಮೆಯಾದರೆ ವೇಟಿನಲ್ಲಿ ಕಸ ಕೂತಿದೆಯೋ ಗ್ಯಾಸ್ಕೆಟ್ ಸಡಿಲವಾಗಿದೆಯೋ ಎಂದು ಹೇಳಬಲ್ಲವಳಿಗೆ, ಒಂದು ಜಾಲರಿ ಕಟ್ಟಿಕೊಂಡಿದೆ ಎಂದು ತಿಳಿಯುವುದು ಬ್ರಹ್ಮವಿದ್ಯೆಯೇನಲ್ಲ.

ಮೆಕ್ಯಾನಿಕ್ ನನಗೆ ಹೇಳಿಕೊಟ್ಟದ್ದು ಇಷ್ಟೇ. ಬಾವಿ ನೀರು 26 ಡಿಗ್ರಿಯಲ್ಲಿ ಒಳಗೆ ಹೋದರೆ 21ರ ಆಸುಪಾಸಿನಲ್ಲಿ ಹೊರಗೆ ಬರಬೇಕು. 15ಕ್ಕೆ ಇಳಿದಿದ್ದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಜಾಲರಿ ನೋಡಿ. 25ರಲ್ಲೇ ನಿಂತಿದ್ದರೆ ಯಂತ್ರ ಶಾಖವನ್ನೇ ತೆಗೆಯುತ್ತಿಲ್ಲ, ಮೆಕ್ಯಾನಿಕ್‌ಗೆ ಹೇಳಿ. ಈಗ ಹತ್ತನೇ ತರಗತಿಯ ಹುಡುಗಿಯರು ಸರದಿಯ ಮೇಲೆ ದಿನವೂ ಈ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆಯುತ್ತಾರೆ.

ಕರೆಂಟು ಉಳಿಸುವ ಜಾಣರಿಗೂ ಒಂದು ಮಾತು. ಟ್ಯಾಂಕಿನ ಶಾಖವನ್ನು 40 ಡಿಗ್ರಿಗೆ ಇಳಿಸಿ ಬಿಡುವುದು ಉಳಿತಾಯವಲ್ಲ. ಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ರೋಗಾಣು ಹುಲುಸಾಗಿ ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರು ನ್ಯುಮೋನಿಯಾದಿಂದ ಸಾಲಾಗಿ ಸತ್ತ ಮೇಲೆ ಪತ್ತೆಯಾದದ್ದು ಇದೇ. ಶೇಖರಿಸಿದ ಬಿಸಿನೀರು 60 ಡಿಗ್ರಿ ಮುಟ್ಟುತ್ತಿರಬೇಕು ಎನ್ನುವುದು ಅದಕ್ಕೇ.

“ಈ ಯಂತ್ರವೇ ಸರಿಯಿಲ್ಲ, ಹಳೆಯ ಸೌದೆ ಒಲೆಯೇ ವಾಸಿ” ಎನ್ನುವವರೂ ಇದ್ದಾರೆ. ಹೊಗೆ ಕುಡಿದು ನೀರು ಕಾಯಿಸಬೇಕಾದವರು ಅವರಲ್ಲವಾದ್ದರಿಂದ ಆ ಮಾತು ಸುಲಭ. ಯಂತ್ರದ ತಪ್ಪೇನೂ ಇಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ನಮ್ಮ ಚಾಳಿಯದು ತಪ್ಪು.

ಈಗ ಅಪಾರ್ಟ್‌ಮೆಂಟುಗಳಿಗೆ, ಆಸ್ಪತ್ರೆಗಳಿಗೆ, ಕಲ್ಯಾಣಮಂಟಪಗಳಿಗೆ ಹೀಟ್ ಪಂಪ್ ಬರುತ್ತಿದೆ. ನಿಮ್ಮ ಕಟ್ಟಡಕ್ಕೂ ಬಂದೀತು. ಸಂಘದ ಸಭೆಯಲ್ಲಿ ಕಾಫಿ ಲೋಟ ಎತ್ತಿಡಲು ಎದ್ದು ಹೋಗಬೇಡಿ, ಕೂತು ಕೇಳಿ. ಪೈಪು ತೊಳೆದಿರಾ? ಜಾಲರಿಯನ್ನು ಸುಲಭವಾಗಿ ತೆಗೆಯಬಹುದೇ? ಅರ್ಥಿಂಗ್ ಪರೀಕ್ಷಿಸಿದಿರಾ? ನೀರು ಒಳಗೆ ಎಷ್ಟು ಡಿಗ್ರಿ, ಹೊರಗೆ ಎಷ್ಟು? ಅಂಕಿಗಳನ್ನು ನಿಮ್ಮ ಕಣ್ಣೆದುರಿಗೇ ಬರೆಯುವ ತನಕ ಕೊನೆಯ ಕಂತಿನ ಚೆಕ್ಕಿಗೆ ಸಹಿ ಬೀಳಬಾರದು. ಯಾರಾದರೂ “ನಿಮಗ್ಯಾಕೆ” ಎಂದರೆ, ನಾಳೆ ಬೆಳಿಗ್ಗೆ ನಲ್ಲಿ ತಿರುಗಿಸುವವರು ನಾವು, ಅದಕ್ಕೇ ಎನ್ನಿ.